ಬಾಗಿದ ಬೆರಳುಗಳ ವಿಜ್ಞಾನಿ: ಡೊರೊಥಿ ಹಾಡ್ಜ್‌ಕಿನ್

ಮುಂಜಾನೆ ಎದ್ದೊಡನೆ ಬೆರಳು ಮಡಚಲಾಗದೆ ಒದ್ದಾಡುವ ಹಿರಿಯರನ್ನು ನೀವು ಮನೆಯಲ್ಲಿ ಕಂಡಿರಬಹುದು. ಸಂಧಿವಾತಗಳಲ್ಲಿ ರುಮಟಾಯ್ಡ್ ಎಂಬುದೊಂದಿದೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲುಗಳ ಒಳಪದರದ ಮೇಲೆ ದಾಳಿ ಮಾಡುವ ಕಾಯಿಲೆ ಇದು. ಮುಪ್ಪಿನಲ್ಲಿ ಮಾತ್ರ ಬರುತ್ತದೆ ಎಂದು ತಿಳಿಯಬೇಡಿ. ಡೊರೊಥಿಯವರಿಗೆ ಇದು ಅಂಟಿಕೊಂಡಾಗ ವಯಸ್ಸು ಕೇವಲ 24.

1910ರ ಮೇ 12ರಂದು ಕೈರೋ ನಗರದಲ್ಲಿ ಅವರ ಜನನ. ತಂದೆ ಅಲ್ಲಿನ ಶಿಕ್ಷಣ ಇಲಾಖೆಯಲ್ಲಿದ್ದರು. ಆಕ್ಸ್‌ಫರ್ಡಿನಲ್ಲಿ ರಸಾಯನಶಾಸ್ತ್ರ ಓದಿ, ಕೇಂಬ್ರಿಜ್‌ನಲ್ಲಿ ಬರ್ನಾಲ್ ಅವರ ಬಳಿ ಸಂಶೋಧನೆ ಮಾಡಿ, 1934ರಲ್ಲಿ ಆಕ್ಸ್‌ಫರ್ಡಿಗೆ ಮರಳಿದರು. ಅದೇ ವರ್ಷ ಲಂಡನ್ನಿನ ತಜ್ಞವೈದ್ಯರು ಕಾಯಿಲೆಯನ್ನು ಗುರುತಿಸಿದರು.

ಅವರ ಕೆಲಸವಾದರೂ ಎಂಥದು? ಸಣ್ಣ ಸಣ್ಣ ಹರಳುಗಳನ್ನು ಎತ್ತಿ ಕೂರಿಸಿ, ಅವುಗಳ ಮೂಲಕ ಎಕ್ಸ್‌ರೇ ಹಾಯಿಸಿ, ಫಿಲಂ ಮೇಲೆ ಬೀಳುವ ಚುಕ್ಕೆಗಳಿಂದ ಅಣುವಿನ ರಚನೆಯನ್ನು ಲೆಕ್ಕ ಹಾಕುವುದು. ಬೆರಳು ನೋಯುವವರಿಗೆ ಇದಕ್ಕಿಂತ ಕಷ್ಟದ ಉದ್ಯೋಗ ಸಿಗಲಾರದು!

1938ರಲ್ಲಿ ಮೊದಲ ಮಗು ಹುಟ್ಟಿದ ಬಳಿಕ ನೋವು ವಿಪರೀತವಾಯಿತು. ಬಕ್ಸ್‌ಟನ್ ಊರಿಗೆ ಹೋಗಿ ಚಿಕಿತ್ಸೆ ಪಡೆದರು. ಹಿಂತಿರುಗಿದಾಗ ಎಕ್ಸ್‌ರೇ ಯಂತ್ರದ ಮುಖ್ಯ ಸ್ವಿಚ್ ಹಾಕಲೂ ಕೈಯಲ್ಲಿ ಬಲವಿರಲಿಲ್ಲ. ಆಗ ಅವರು ರಾಜೀನಾಮೆ ಬರೆಯಲಿಲ್ಲ, ಸ್ವಿಚ್ಚಿಗೆ ಉದ್ದನೆಯ ಸನ್ನೆಯೊಂದನ್ನು ಮಾಡಿಸಿಕೊಂಡರು. ಭೌತಶಾಸ್ತ್ರದ ಸನ್ನೆಯ ಪಾಠ ನೆನಪಿದೆಯಲ್ಲವೇ? ಇದನ್ನೆಲ್ಲ ಬರೀ ಮನೋಬಲ ಎಂದು ಹೊಗಳಿ ಸುಮ್ಮನಾಗುವುದು ನನಗೆ ಸರಿ ಕಾಣುವುದಿಲ್ಲ. ಸಮರ್‌ವಿಲ್ ಕಾಲೇಜು ಅವರಿಗೆ ಹೆರಿಗೆ ರಜೆಯಲ್ಲೂ ಸಂಬಳ ಕೊಟ್ಟಿತು. ಹುದ್ದೆ ಅವರಿಗಾಗಿ ಕಾದಿತ್ತು.

ಆ ಕೈಗಳೇ 1945ರಲ್ಲಿ ಪೆನಿಸಿಲಿನ್, 1950ರ ದಶಕದಲ್ಲಿ ಬಿ12 ಜೀವಸತ್ವದ ರಚನೆಯನ್ನು ಬಿಡಿಸಿದವು. 1964ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಅವರೊಬ್ಬರಿಗೇ ಸಂದಿತು. 1930ರ ದಶಕದಲ್ಲಿ ಹಿಡಿದ ಇನ್ಸುಲಿನ್ ಕೆಲಸ ಮಾತ್ರ ಮುಗಿದದ್ದು 1969ರಲ್ಲಿ! ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದ ಎಂ. ವಿಜಯನ್ ಆ ತಂಡದಲ್ಲಿದ್ದರು ಎಂಬುದು ನಮಗೆ ಹೆಮ್ಮೆಯ ವಿಷಯ.

ಮೂವರು ಮಕ್ಕಳ ತಾಯಿಯಾಗಿ, 1977ರವರೆಗೂ ಅವರು ಹುದ್ದೆಯಲ್ಲಿದ್ದರು. ಮರುವರ್ಷ ಶಿಲ್ಪಿ ಹೆನ್ರಿ ಮೂರ್ ಅವರ ಚಿತ್ರ ಬರೆದರು. ಅದರಲ್ಲಿ ಮುಖವಿಲ್ಲ, ಗಂಟುಗಟ್ಟಿದ ಕೈಗಳಷ್ಟೇ ಇವೆ. 1993ರಲ್ಲಿ ಗಾಲಿಕುರ್ಚಿಯಲ್ಲೇ ಬೀಜಿಂಗ್‌ನ ವಿಜ್ಞಾನ ಸಮ್ಮೇಳನಕ್ಕೆ ಹೋಗಿಬಂದರು. 1994ರ ಜುಲೈ 29ರಂದು ಇಂಗ್ಲೆಂಡಿನಲ್ಲಿ ತೀರಿಕೊಂಡರು.