ವಾಸ್ಲಾವ್ ನಿಜಿನ್ಸ್ಕಿ

ವಾಸ್ಲಾವ್ ನಿಜಿನ್ಸ್ಕಿ (1889 – 8 ಏಪ್ರಿಲ್ 1950) ಪೋಲಿಷ್ ಮೂಲದ ರಷ್ಯನ್ ಬ್ಯಾಲೆ ನರ್ತಕ ಹಾಗೂ ನೃತ್ಯ ಸಂಯೋಜಕ. ಇಪ್ಪತ್ತನೆಯ ಶತಮಾನದ ಆರಂಭದ ಅತ್ಯಂತ ಪ್ರಸಿದ್ಧ ನರ್ತಕರಲ್ಲಿ ಅವರೂ ಒಬ್ಬರು. 1919ರಲ್ಲಿ ಅವರಿಗೆ ಸ್ಕಿಜೋಫ್ರೇನಿಯಾ (ಇಚ್ಚಿತ್ತವಿಕಲತೆ) ಇದೆಯೆಂದು ವೈದ್ಯರು ನಿರ್ಣಯಿಸಿದರು. ಅವರ ವೃತ್ತಿಜೀವನ ಸುಮಾರು ಹತ್ತು ವರ್ಷಗಳದ್ದಾದರೆ, ಕಾಯಿಲೆಯೊಡನೆ ಬದುಕಿದ ಅವಧಿ ಮೂವತ್ತು ವರ್ಷಗಳಿಗೂ ಹೆಚ್ಚು. ಕಾಯಿಲೆ ಉಲ್ಬಣಿಸುತ್ತಿದ್ದ ದಿನಗಳಲ್ಲೇ ಅವರು ಬರೆದ ದಿನಚರಿಯು ಈ ಅನುಭವವನ್ನು ಒಳಗಿನಿಂದ ದಾಖಲಿಸಿದ ಅಪರೂಪದ ಕೃತಿಗಳಲ್ಲಿ ಒಂದಾಗಿದೆ.

ಜನನ ಮತ್ತು ಶಿಕ್ಷಣ

ನಿಜಿನ್ಸ್ಕಿ ಕೀವ್ ನಗರದಲ್ಲಿ ಜನಿಸಿದರು. ಕೆಲವು ಆಕರಗಳು ಅವರ ಜನ್ಮವರ್ಷವನ್ನು 1890 ಎಂದು ನಮೂದಿಸುತ್ತವೆ. ತಂದೆ ತೊಮಾಶ್ ಮತ್ತು ತಾಯಿ ಎಲಿಯೊನೋರಾ ಇಬ್ಬರೂ ಊರೂರು ಸುತ್ತುತ್ತಿದ್ದ ವೃತ್ತಿಪರ ನರ್ತಕರು. ತಂದೆ ಕುಟುಂಬವನ್ನು ತೊರೆದ ಬಳಿಕ ತಾಯಿಯೇ ಮೂವರು ಮಕ್ಕಳನ್ನು ಬೆಳೆಸಿದರು. ಅಣ್ಣ ಸ್ಟಾನಿಸ್ಲಾವ್ ಬಾಲ್ಯದಲ್ಲಿ ಕಿಟಕಿಯಿಂದ ಬಿದ್ದು ಗಾಯಗೊಂಡಿದ್ದರು; ಮುಂದೆ ಅವರ ಬದುಕಿನ ಬಹುಭಾಗ ಮಾನಸಿಕ ಆಸ್ಪತ್ರೆಯಲ್ಲಿ ಕಳೆಯಿತು. ತಂಗಿ ಬ್ರೊನಿಸ್ಲಾವಾ ನಿಜಿನ್ಸ್ಕಾ ನೃತ್ಯ ಸಂಯೋಜಕಿಯಾಗಿ ಖ್ಯಾತರಾದರು. 1898ರಲ್ಲಿ ನಿಜಿನ್ಸ್ಕಿ ಸೇಂಟ್ ಪೀಟರ್ಸ್‌ಬರ್ಗ್‌ನ ಇಂಪೀರಿಯಲ್ ನೃತ್ಯಶಾಲೆಯನ್ನು ಸೇರಿ, 1907ರಲ್ಲಿ ಶಿಕ್ಷಣ ಮುಗಿಸಿ, ಮಾರಿಯಿನ್ಸ್ಕಿ ರಂಗಮಂದಿರದ ನರ್ತಕರಾದರು.

ವೃತ್ತಿಜೀವನ

1909ರಲ್ಲಿ ಸೆರ್ಗೆ ದಿಯಾಗಿಲೆಫ್ ಪ್ಯಾರಿಸ್‌ನಲ್ಲಿ ಏರ್ಪಡಿಸಿದ ರಷ್ಯನ್ ಬ್ಯಾಲೆ ಪ್ರದರ್ಶನಗಳ ಮೂಲಕ ನಿಜಿನ್ಸ್ಕಿ ಯುರೋಪಿನಾದ್ಯಂತ ಮನೆಮಾತಾದರು. ಅವರ ಎತ್ತರದ ನೆಗೆತ ಮತ್ತು ಪಾತ್ರದಲ್ಲಿ ಸಂಪೂರ್ಣವಾಗಿ ಲೀನವಾಗುವ ಅಭಿನಯ ಪ್ರೇಕ್ಷಕರನ್ನು ಬೆರಗುಗೊಳಿಸಿದವು. 1911ರ ‘ಪೆಟ್ರುಷ್ಕಾ’ದಲ್ಲಿ ನಿರ್ವಹಿಸಿದ ಗೊಂಬೆಯ ಪಾತ್ರ ಅವರ ಶ್ರೇಷ್ಠ ಪಾತ್ರಗಳಲ್ಲಿ ಒಂದು.

ಅವರು ಒಟ್ಟು ನಾಲ್ಕು ಬ್ಯಾಲೆಗಳನ್ನು ಸಂಯೋಜಿಸಿದರು. ಸ್ಟ್ರಾವಿನ್ಸ್ಕಿ ಸಂಗೀತದ ‘ವಸಂತದ ವಿಧಿ’ 1913ರ ಮೇ 29ರಂದು ಪ್ಯಾರಿಸ್‌ನಲ್ಲಿ ಮೊದಲ ಪ್ರದರ್ಶನ ಕಂಡಾಗ ಸಭಾಂಗಣದಲ್ಲಿ ಗದ್ದಲವೆದ್ದಿತು. ಒಳಮುಖವಾಗಿ ತಿರುಗಿದ ಪಾದಗಳು ಮತ್ತು ನೆಲವನ್ನು ತುಳಿಯುವ ಹೆಜ್ಜೆಗಳು ಶಾಸ್ತ್ರೀಯ ಬ್ಯಾಲೆಯ ನಿಯಮಗಳನ್ನು ಮುರಿದಿದ್ದವು. ಈ ಹೊಸತನವನ್ನು ಕಾಯಿಲೆಯ ಮುನ್ಸೂಚನೆಯೆಂದು ಭಾವಿಸುವುದು ಸರಿಯಲ್ಲ. ಅದು ಸುದೀರ್ಘ ತಾಲೀಮು ಮತ್ತು ಸ್ಪಷ್ಟ ಕಲ್ಪನೆಯ ಫಲವಾಗಿತ್ತು.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹಂಗೇರಿಯ ರೊಮೋಲಾ ದ ಪುಲ್ಸ್ಕಿ ಅವರೊಂದಿಗೆ ವಿವಾಹವಾದರು. ಇದರಿಂದ ಕೆರಳಿದ ದಿಯಾಗಿಲೆಫ್ ಅವರನ್ನು ತಂಡದಿಂದ ಕೈಬಿಟ್ಟರು. ಮೊದಲ ಮಹಾಯುದ್ಧ ಆರಂಭವಾದಾಗ, ರಷ್ಯಾದ ಪ್ರಜೆಯೆಂಬ ಕಾರಣಕ್ಕೆ ಅವರನ್ನು ಬುಡಾಪೆಸ್ಟ್‌ನಲ್ಲಿ ನಿರ್ಬಂಧದಲ್ಲಿರಿಸಲಾಯಿತು. ಆ ಅವಧಿಯಲ್ಲಿ ಅವರು ನೃತ್ಯವನ್ನು ಲಿಪಿಬದ್ಧಗೊಳಿಸುವ ಪದ್ಧತಿಯೊಂದನ್ನು ರೂಪಿಸಿದರು. 1916ರಲ್ಲಿ ಬಿಡುಗಡೆಗೊಂಡು ಅಮೆರಿಕದಲ್ಲಿ ನರ್ತಿಸಿದರು. 1917ರ ದಕ್ಷಿಣ ಅಮೆರಿಕ ಪ್ರವಾಸದ ಬಳಿಕ ಅವರು ವೃತ್ತಿರಂಗಕ್ಕೆ ಮರಳಲಿಲ್ಲ.

ಅನಾರೋಗ್ಯ ಮತ್ತು ದಿನಚರಿ

ಯುದ್ಧದ ಕೊನೆಯ ಹಂತದಲ್ಲಿ ಪತ್ನಿ ಮತ್ತು ಮಗಳು ಕೈರಾಳೊಂದಿಗೆ ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಸ್‌ನಲ್ಲಿ ನೆಲೆಸಿದರು. ಅಲ್ಲಿ ಅವರ ನಡವಳಿಕೆಯಲ್ಲಿ ಬದಲಾವಣೆಗಳು ಕಾಣಿಸಿಕೊಂಡವು. 1919ರ ಜನವರಿ 19ರಂದು ಸುವ್ರೆಟ್ಟಾ ಹೋಟೆಲಿನಲ್ಲಿ ಆಹ್ವಾನಿತರ ಮುಂದೆ ಪ್ರದರ್ಶನ ನೀಡಿದಾಗ, ಮೊದಲಿಗೆ ಕುರ್ಚಿಯಲ್ಲಿ ಕುಳಿತು ಬಹಳ ಹೊತ್ತು ಮೌನವಾಗಿ ಪ್ರೇಕ್ಷಕರನ್ನು ದಿಟ್ಟಿಸಿದರು. ನಂತರ ಯುದ್ಧದ ಸಂಕಟವನ್ನು ನರ್ತಿಸಿ ತೋರಿದರು.

ಅಂದೇ ಆರಂಭವಾದ ದಿನಚರಿಯನ್ನು ಸುಮಾರು ಆರು ವಾರಗಳ ಕಾಲ ಮುಖ್ಯವಾಗಿ ರಷ್ಯನ್ ಭಾಷೆಯಲ್ಲಿ ಬರೆದರು. ತಾವು ದೈವದೊಂದಿಗೆ ಒಂದಾಗಿರುವ ಭಾವನೆ, ದೇವರ ಆಜ್ಞೆಗಳು, ಯುದ್ಧದ ಬಗೆಗಿನ ವೇದನೆ, ಮಾಂಸಾಹಾರದ ಬಗ್ಗೆ ಅಸಹ್ಯ, ಬುದ್ಧಿಗಿಂತ ಭಾವವೇ ಮಿಗಿಲೆಂಬ ವಾದ ಇವೆಲ್ಲ ಅದರಲ್ಲಿ ಮರಳಿಮರಳಿ ಬರುತ್ತವೆ. ವಾಕ್ಯಗಳು ಚಿಕ್ಕವು, ಒಂದು ಪದ ಇನ್ನೊಂದನ್ನು ಎಳೆದುಕೊಂಡು ಬಂದು, ವಿಚಾರವು ದಾರಿ ಬದಲಿಸುತ್ತ ಸಾಗುತ್ತದೆ. ಆದರೂ ಮನೆಯ ಊಟ, ಹೆಂಡತಿಯ ಅಳು, ಮಗಳ ಮೇಲಿನ ಪ್ರೀತಿ, ತಮ್ಮನ್ನು ಆಸ್ಪತ್ರೆಗೆ ಸೇರಿಸುವರೆಂಬ ಭಯ ಇವುಗಳನ್ನು ಅವರು ಸೂಕ್ಷ್ಮವಾಗಿ ಗಮನಿಸಿದ್ದಾರೆ. ಕಾಯಿಲೆಯ ತೀವ್ರ ಹಂತದಲ್ಲೂ ವ್ಯಕ್ತಿಯ ಅರಿವು ಮತ್ತು ಮಮತೆ ಪೂರ್ಣವಾಗಿ ಅಳಿಸಿಹೋಗುವುದಿಲ್ಲ ಎಂಬುದಕ್ಕೆ ಈ ಪುಟಗಳು ಸಾಕ್ಷಿಯಾಗಿವೆ.

ರೋಗನಿರ್ಣಯ

1919ರ ಮಾರ್ಚ್‌ನಲ್ಲಿ ಜ್ಯೂರಿಕ್‌ನ ಬುರ್ಗ್‌ಹೋಲ್ಜ್ಲಿ ಆಸ್ಪತ್ರೆಯ ನಿರ್ದೇಶಕ ಯೂಜಿನ್ ಬ್ಲಾಯ್ಲರ್ ಅವರನ್ನು ಪರೀಕ್ಷಿಸಿದರು. ಸ್ಕಿಜೋಫ್ರೇನಿಯಾ ಎಂಬ ಪದವನ್ನು 1908ರಲ್ಲಿ ಬಳಕೆಗೆ ತಂದವರು ಇದೇ ಬ್ಲಾಯ್ಲರ್. ಸೀಳು ಮತ್ತು ಮನಸ್ಸು ಎಂಬರ್ಥದ ಗ್ರೀಕ್ ಪದಗಳಿಂದ ರೂಪುಗೊಂಡ ಈ ಹೆಸರು ಆಲೋಚನೆ, ಭಾವನೆ ಮತ್ತು ವರ್ತನೆಗಳ ನಡುವಿನ ಹೊಂದಾಣಿಕೆ ಸಡಿಲಗೊಳ್ಳುವುದನ್ನು ಸೂಚಿಸುತ್ತದೆ. ಒಬ್ಬನಲ್ಲೇ ಎರಡು ವ್ಯಕ್ತಿತ್ವಗಳಿರುವುದೆಂಬ ಜನಪ್ರಿಯ ಅರ್ಥ ತಪ್ಪು.

ದಿಯಾಗಿಲೆಫ್ ಅವರೊಂದಿಗಿನ ವಿರಸವೇ ಕಾಯಿಲೆಗೆ ಕಾರಣವೆಂಬ ಕಥನವೂ ಪ್ರಚಲಿತವಾಗಿದೆ. ಆದರೆ ಸ್ಕಿಜೋಫ್ರೇನಿಯಾ ಯಾವುದೇ ಒಂದು ಘಟನೆಯಿಂದ ಉಂಟಾಗುವುದಿಲ್ಲ. ಅನುವಂಶೀಯತೆ, ಮಿದುಳಿನ ಬೆಳವಣಿಗೆ ಮತ್ತು ಪರಿಸರದ ಒತ್ತಡಗಳು ಇದರಲ್ಲಿ ಒಟ್ಟುಗೂಡಿ ಕೆಲಸ ಮಾಡುತ್ತವೆ. ಮನೋವೈದ್ಯ ಪೀಟರ್ ಓಸ್ಟ್‌ವಾಲ್ಡ್ 1991ರ ತಮ್ಮ ಕೃತಿಯಲ್ಲಿ ವೈದ್ಯಕೀಯ ದಾಖಲೆಗಳನ್ನು ಪರಿಶೀಲಿಸಿ, ಭಾವವೈಪರೀತ್ಯದ ಲಕ್ಷಣಗಳೂ ನಿಜಿನ್ಸ್ಕಿಯವರಲ್ಲಿ ಇದ್ದುದನ್ನು ಚರ್ಚಿಸಿದ್ದಾರೆ.

ಚಿಕಿತ್ಸೆಯ ವರ್ಷಗಳು

ಬಳಿಕ ನಿಜಿನ್ಸ್ಕಿಯವರನ್ನು ಕ್ರೂಟ್ಸ್‌ಲಿಂಗೆನ್‌ನ ಬೆಲ್‌ವ್ಯೂ ಚಿಕಿತ್ಸಾಲಯಕ್ಕೆ ಸೇರಿಸಲಾಯಿತು. ಅಲ್ಲಿನ ಮುಖ್ಯಸ್ಥರು ಲುಡ್ವಿಗ್ ಬಿನ್ಸ್‌ವಾಂಗರ್. ಮುಂದಿನ ದಶಕಗಳು ಆಸ್ಪತ್ರೆ ಮತ್ತು ಮನೆಗಳ ನಡುವೆ ಕಳೆದವು. 1920ರಲ್ಲಿ ಎರಡನೆಯ ಮಗಳು ತಮಾರಾ ಜನಿಸಿದಳು. ಭ್ರಮೆಗಳ ಉದ್ರೇಕಕ್ಕಿಂತ ಮೌನ, ನಿರಾಸಕ್ತಿ ಮತ್ತು ನಿಶ್ಚಲತೆಯೇ ಅವರಲ್ಲಿ ಹೆಚ್ಚಾಗಿತ್ತು. ಹೊರಗಿನವರ ಕಣ್ಣಿಗೆ ಬೀಳದ ಈ ಲಕ್ಷಣಗಳೇ ಸ್ಕಿಜೋಫ್ರೇನಿಯಾದೊಂದಿಗಿನ ದೀರ್ಘ ಬದುಕನ್ನು ಅನೇಕರಿಗೆ ಕಠಿಣಗೊಳಿಸುತ್ತವೆ.

1938ರಿಂದ ಅವರಿಗೆ ಇನ್ಸುಲಿನ್ ಆಘಾತ ಚಿಕಿತ್ಸೆ ನೀಡಲಾಯಿತು. ರೋಗಿಯನ್ನು ಕೃತಕವಾಗಿ ಕೋಮಾ ಸ್ಥಿತಿಗೆ ತಳ್ಳುವ ಈ ಅಪಾಯಕಾರಿ ವಿಧಾನವನ್ನು ವೈದ್ಯಲೋಕ ಮುಂದೆ ಕೈಬಿಟ್ಟಿತು. ಎರಡನೆಯ ಮಹಾಯುದ್ಧದ ಅಂತ್ಯದಲ್ಲಿ ರಷ್ಯನ್ ಸೈನಿಕರನ್ನು ಭೇಟಿಯಾದಾಗ, ಮಾತೃಭಾಷೆಯಷ್ಟೇ ಆಪ್ತವಾಗಿದ್ದ ರಷ್ಯನ್‌ನಲ್ಲಿ ಮಾತನಾಡಿ ಅವರೊಡನೆ ನರ್ತಿಸಿದರೆಂದು ರೊಮೋಲಾ ದಾಖಲಿಸಿದ್ದಾರೆ.

ನಿಧನ ಮತ್ತು ಪರಂಪರೆ

1947ರಲ್ಲಿ ದಂಪತಿ ಇಂಗ್ಲೆಂಡಿಗೆ ತೆರಳಿದರು. ನಿಜಿನ್ಸ್ಕಿ 1950ರ ಏಪ್ರಿಲ್ 8ರಂದು ಲಂಡನ್‌ನಲ್ಲಿ ನಿಧನರಾದರು. 1953ರಲ್ಲಿ ಅವರ ಪಾರ್ಥಿವ ಶರೀರವನ್ನು ಪ್ಯಾರಿಸ್‌ನ ಮೊಂಮಾರ್ತ್ರ್ ಸ್ಮಶಾನಕ್ಕೆ ಸ್ಥಳಾಂತರಿಸಲಾಯಿತು. ಸ್ಕಿಜೋಫ್ರೇನಿಯಾ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿದ ಕ್ಲೋರ್‌ಪ್ರೊಮಝೀನ್ ಔಷಧ ಮನೋರೋಗಿಗಳಿಗೆ ಬಳಕೆಯಾದದ್ದು 1952ರಲ್ಲಿ, ಅಂದರೆ ಅವರು ತೀರಿಕೊಂಡ ಎರಡು ವರ್ಷಗಳ ನಂತರ.

ರೊಮೋಲಾ 1936ರಲ್ಲಿ ದಿನಚರಿಯನ್ನು ಪ್ರಕಟಿಸಿದಾಗ ಅನೇಕ ಭಾಗಗಳನ್ನು ಕತ್ತರಿಸಿ, ಕ್ರಮವನ್ನು ಬದಲಿಸಿದ್ದರು. ಪೂರ್ಣ ಪಠ್ಯ 1995ರಲ್ಲಿ ಫ್ರೆಂಚ್‌ನಲ್ಲಿಯೂ 1999ರಲ್ಲಿ ಇಂಗ್ಲಿಷ್‌ನಲ್ಲಿಯೂ ಹೊರಬಂದ ನಂತರವೇ ಓದುಗರಿಗೆ ಅವರ ಬರವಣಿಗೆಯ ನಿಜರೂಪ ದೊರಕಿತು. ಕಳೆದುಹೋಗಿದ್ದ ‘ವಸಂತದ ವಿಧಿ’ಯ ನೃತ್ಯ ಸಂಯೋಜನೆಯನ್ನು 1987ರಲ್ಲಿ ಅಮೆರಿಕದ ಜೋಫ್ರಿ ಬ್ಯಾಲೆ ತಂಡ ಪುನಾರಚಿಸಿ ಪ್ರದರ್ಶಿಸಿತು.