ವಿಲ್ಬರ್ಟ್ ಇ. ಲಾಂಗ್‌ಫೆಲೋ

ವಿಲ್ಬರ್ಟ್ ಇ. ಲಾಂಗ್‌ಫೆಲೋ (1881–1947) ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈಜು ಮತ್ತು ಜಲಸುರಕ್ಷತೆಯ ಬೋಧನೆಗೆ ವ್ಯವಸ್ಥಿತ ರೂಪ ಕೊಟ್ಟವರು. ಕಮೊಡೋರ್ ಎಂದೇ ಪ್ರಸಿದ್ಧರು. ಇದು ನೌಕಾಪಡೆಯ ಹುದ್ದೆಯಲ್ಲ, ಸ್ವಯಂಸೇವಕ ಜೀವರಕ್ಷಕ ದಳವೊಂದು ನೀಡಿದ ಪದವಿ. ಕವಿ ಹೆನ್ರಿ ವಾಡ್ಸ್‌ವರ್ತ್ ಲಾಂಗ್‌ಫೆಲೋ ಬೇರೆ ವ್ಯಕ್ತಿ.

ಹಿನ್ನೆಲೆ

ಲಾಂಗ್‌ಫೆಲೋ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ನಗರದಲ್ಲಿ ಪತ್ರಿಕಾ ವರದಿಗಾರರಾಗಿದ್ದರು. ಬಂದರಿನ ಸುದ್ದಿಗಳನ್ನು ಬರೆಯುತ್ತಿದ್ದ ಅವರಿಗೆ ನೀರಿನಲ್ಲಿ ಮುಳುಗಿ ಸತ್ತವರ ವಾರ್ತೆ ಮತ್ತೆ ಮತ್ತೆ ಎದುರಾಗುತ್ತಿತ್ತು. ಆಗ ಅಮೆರಿಕದ ಜನಸಾಮಾನ್ಯರಲ್ಲಿ ಈಜು ಬಲ್ಲವರು ವಿರಳ. 1904ರಲ್ಲಿ ನ್ಯೂಯಾರ್ಕ್‌ನ ಈಸ್ಟ್ ನದಿಯಲ್ಲಿ ಜನರಲ್ ಸ್ಲೋಕಮ್ ಎಂಬ ಹಡಗಿಗೆ ಬೆಂಕಿ ಬಿದ್ದಾಗ ದಡ ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದರೂ ಸಾವಿರಕ್ಕೂ ಹೆಚ್ಚು ಮಂದಿ ಸತ್ತರು.

ಬೋಧಕರ ತರಬೇತಿ

ಮೊದಲಿಗೆ ಲಾಂಗ್‌ಫೆಲೋ ಬಿಡುವಿನ ವೇಳೆಯಲ್ಲಿ ಈಜು ಕಲಿಸುತ್ತಿದ್ದರು. ಒಬ್ಬನು ಎಷ್ಟು ಜನರಿಗೆ ಕಲಿಸಬಹುದು ಎಂಬುದೇ ಅವರ ಮುಂದಿದ್ದ ತೊಡಕು. ಅವರು ಕಂಡುಕೊಂಡ ಮಾರ್ಗ ಸರಳವಾಗಿತ್ತು: ಪ್ರತಿ ಊರಿನಲ್ಲಿ ಒಳ್ಳೆಯ ಈಜುಗಾರರನ್ನು ಆರಿಸಿ, ಅವರಿಗೆ ರಕ್ಷಣಾ ವಿಧಾನಗಳನ್ನು ಕಲಿಸಿ, ಆ ಊರಿನ ನೀರಿನ ಹೊಣೆಯನ್ನು ಅವರಿಗೇ ಒಪ್ಪಿಸಿ ಮುಂದಿನ ಊರಿಗೆ ಹೋಗುವುದು. 1912ರ ವೇಳೆಗೆ ಈ ಕಾರ್ಯ ಒಬ್ಬರ ಶಕ್ತಿಯನ್ನು ಮೀರಿ ಬೆಳೆದಿತ್ತು. ಅವರು ತಮ್ಮ ಯೋಜನೆಯನ್ನು ಅಮೆರಿಕನ್ ರೆಡ್‌ಕ್ರಾಸ್‌ನ ಮುಂದಿಟ್ಟರು. 1914ರಲ್ಲಿ ಅದರ ಜೀವರಕ್ಷಕ ದಳ ಸ್ಥಾಪನೆಯಾಗಿ, ಅದರ ಹೊಣೆ ಅವರಿಗೇ ಬಂತು.

ಈಜು ಬಲ್ಲವನೆಲ್ಲ ರಕ್ಷಕನಾಗಲಾರ. ಮುಳುಗುತ್ತಿರುವವನು ಕೈಗೆ ಸಿಕ್ಕಿದ್ದನ್ನು ಬಿಗಿಯಾಗಿ ಅಪ್ಪಿಕೊಳ್ಳುವುದರಿಂದ ಕಾಪಾಡಲು ಹೋದವನೂ ಸಾಯುವುದುಂಟು. ಆದ್ದರಿಂದ ಆ ಕಾಲದ ಶಿಕ್ಷಣದಲ್ಲಿ ಹಿಡಿತದಿಂದ ಬಿಡಿಸಿಕೊಳ್ಳುವುದು, ದಡಕ್ಕೆ ಎಳೆದು ತರುವುದು, ಕೃತಕ ಉಸಿರಾಟ ನೀಡುವುದು ಮುಖ್ಯ ಪಾಠಗಳಾಗಿದ್ದವು. ಅಂದು ಬಳಕೆಯಲ್ಲಿದ್ದುದು ಮುಳುಗಿದವರನ್ನು ಬೋರಲು ಮಲಗಿಸಿ ಬೆನ್ನನ್ನು ಒತ್ತುವ ಶೇಫರ್ ವಿಧಾನ. ಈಗ ಅದನ್ನು ಕೈಬಿಡಲಾಗಿದೆ. 1920ರ ದಶಕದಿಂದ ರೆಡ್‌ಕ್ರಾಸ್ ನಡೆಸಿದ ಜಲಶಿಬಿರಗಳು ಬೋಧಕರನ್ನೇ ತಯಾರುಮಾಡುವ ಶಾಲೆಗಳಾದವು.

ಲಾಂಗ್‌ಫೆಲೋ ಸ್ಥೂಲಕಾಯರು. ನೀರಿನ ಮೇಲೆ ನಿರಾಯಾಸವಾಗಿ ತೇಲುತ್ತ ನೋಡುಗರನ್ನು ನಗಿಸುತ್ತಿದ್ದರು. ಜಲನಾಟಕಗಳನ್ನೂ ಆಡಿಸಿದರು. ಭಯ ಹುಟ್ಟಿಸದೆ ಆಟದ ಮೂಲಕ ಕಲಿಸಿದ್ದು ಅವರ ಬಹುದೊಡ್ಡ ಕೊಡುಗೆಯೆನ್ನಬಹುದು. ಎಲ್ಲರೂ ಈಜುಗಾರರಾಗಬೇಕು, ಈಜುಗಾರರೆಲ್ಲ ಜೀವರಕ್ಷಕರಾಗಬೇಕು ಎಂಬುದು ಅವರ ಧ್ಯೇಯವಾಗಿತ್ತು.

ನಿಧನ ಮತ್ತು ಗೌರವ

ಅವರು 1947ರಲ್ಲಿ ನಿಧನರಾದರು. ಆ ವೇಳೆಗೆ ಅಮೆರಿಕದಲ್ಲಿ ಜನಸಂಖ್ಯೆಗೆ ಅನುಗುಣವಾಗಿ ನೀರಿನಲ್ಲಿ ಮುಳುಗಿ ಸಾಯುವವರ ಪ್ರಮಾಣ 1914ಕ್ಕಿಂತ ಬಹಳ ಇಳಿದಿತ್ತು. 1965ರಲ್ಲಿ ಅವರ ಹೆಸರನ್ನು ಫ್ಲೋರಿಡಾದ ಅಂತಾರಾಷ್ಟ್ರೀಯ ಈಜು ಗೌರವಭವನಕ್ಕೆ ಸೇರಿಸಲಾಯಿತು.