ಬೇರೆಯವರ ಹೊರೆಗೆ ಹೆಗಲು ಕೊಟ್ಟ ಫಾದರ್ ಮುಲ್ಲರ್

ಮಂಗಳೂರು: ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ ಕರಾವಳಿಯಲ್ಲಿ ಯಾರಿಗೆ ಗೊತ್ತಿಲ್ಲ? ಆದರೆ ಆ ಹೆಸರಿನ ಪಾದ್ರಿಯ ಬದುಕು ತಿಳಿದವರು ಕಡಿಮೆ.

1841ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಅಗಸ್ಟಸ್ ಮುಲ್ಲರ್, ಯೇಸು ಸಭೆಯ ಗುರುವಾಗಿ 1878ರ ಕೊನೆಗೆ ಮಂಗಳೂರಿಗೆ ಬಂದರು. ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರಬೇಕೆಂಬ ಕ್ರೈಸ್ತ ಬೋಧನೆಯನ್ನು ಅವರು ಅಕ್ಷರಶಃ ಪಾಲಿಸಿದರು. ತಮಗೆ ತಿಳಿದಿದ್ದ ಹೋಮಿಯೋಪಥಿಯನ್ನೇ ನಂಬಿ 1880ರಲ್ಲಿ ಬಡವರಿಗಾಗಿ ಔಷಧಾಲಯ ತೆರೆದರು.

ಕುಷ್ಠರೋಗ ತಗುಲಿದವರನ್ನು ಮನೆಯವರೇ ಹೊರಗಟ್ಟುತ್ತಿದ್ದ ಕಾಲವದು. ಅಂಥವರಿಗೆ 1890ರಲ್ಲಿ ಆಶ್ರಮ ಕಟ್ಟಿದರು. ಔಷಧ ಮಾರಾಟದಿಂದ ಬಂದ ಹಣವೂ ರೋಗಿಗಳ ಆರೈಕೆಗೇ ಹೋಯಿತು. 1902ರಲ್ಲಿ ಊರಿಗೆ ಪ್ಲೇಗ್ ಬಂದಾಗ ಅದಕ್ಕೂ ಆಸ್ಪತ್ರೆ ತೆರೆದರು. ತಾಯ್ನಾಡಿನಿಂದ ದೂರದಲ್ಲಿ, 1910ರ ನವೆಂಬರ್ 1ರಂದು ಕೊನೆಯುಸಿರೆಳೆದರು. ಕಂಕನಾಡಿಯಲ್ಲಿ ರೋಗಿಗಳ ಸಾಲು ಇಂದಿಗೂ ಇದೆ.